ಬಾರ್ಲಿ ನೀರಿನ ಸಾಮಾನು ಮಾರಿದ್ದು

ಹಳೇ ಸಾಮಾನು ಮಾರುತ್ತೇನೆಂದು ಆನ್‌ಲೈನಿನಲ್ಲಿ ಒಂದು ಫೋಟೋ ಹಾಕಿ ನೋಡಿ, ನಿಮ್ಮ ಮನೆ ಬಾಗಿಲಿಗೆ ಎಂಥೆಂಥವರು ಬರುತ್ತಾರೆ ಅಂತ. ನಾನು ಹಾಕಿ ನೋಡಿದ್ದೇನೆ. ಸಾಮಾನೆಲ್ಲ ಹೋಯಿತು, ಬಂದವರ ನೆನಪು ಮಾತ್ರ ಹೋಗುತ್ತಿಲ್ಲ. ಫ್ರೀವೇ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಒಬ್ಬಳೇ ಕಿಸಕ್ಕನೆ ನಗುತ್ತೇನೆ. ಪಕ್ಕದ ಕಾರಿನವರು ಮೆಲ್ಲಗೆ ಗ್ಲಾಸು ಏರಿಸಿಕೊಳ್ಳುತ್ತಾರೆ.

ಮೊದಲು ಸಾಮಾನು ಎಂಥದ್ದೆಂದು ಹೇಳಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಕೂತು ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯಿತಲ್ಲ, ನನ್ನ ಗಂಡನಿಗೆ ಬಿಯರು ಮಾಡುವ ಹುಚ್ಚು ಹಿಡಿಯಿತು. ಕುಡಿಯುವ ಹುಚ್ಚಲ್ಲ, ಸುಳ್ಳು ಹೇಳಬಾರದು. ಅರ್ಧ ಲೋಟ ಕುಡಿದರೆ ಸೋಫಾ ಮೇಲೇ ನಿದ್ದೆ ಹೋಗುವ ಮನುಷ್ಯ. ಇದು ಮಾಡುವ ಹುಚ್ಚು. ಮನೆಬಳಕೆಗೆ ಮಾಡಿಕೊಂಡರೆ ಇಲ್ಲಿ ಅಮೆರಿಕದಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಪ್ಲೆಸೆಂಟನ್ನಿನ ನಮ್ಮ ಮನೆಯ ಗರಾಜಿಗೆ ಒಂದೊಂದಾಗಿ ಸಾಮಾನು ಬಂದು ಕೂತವು. ಮದುವೆ ಮನೆಯಲ್ಲಿ ಸಾರು ಕಾಯಿಸುವಂಥ ಸ್ಟೀಲಿನ ಕೊಳಗ, ಅದಕ್ಕೊಂದು ದೊಡ್ಡ ಗ್ಯಾಸ್ ಒಲೆ, ಹುದುಗಲು ಬಿಡುವ ಗಾಜಿನ ಹೂಜಿ, ನಲ್ಲಿ ಕೂರಿಸಿದ ಬಕೆಟ್ಟುಗಳು, ಕುದಿದದ್ದನ್ನು ತಣಿಸುವ ತಾಮ್ರದ ಸುರುಳಿ. ಕಟ್ಟಕಡೆಗೆ, ಬಾರುಗಳಲ್ಲಿ ಬಿಯರು ಬಿಡಲು ಇಡುವಂಥ, ಬಾಗಿಲಲ್ಲೇ ಎರಡು ನಲ್ಲಿ ಇರುವ ಒಂದು ಫ್ರಿಜ್ಜು. ಫ್ರಿಜ್ಜು ಬರುವ ಹೊತ್ತಿಗೆ ಹುಚ್ಚು ಇಳಿದುಹೋಗಿತ್ತು. ಅದರ ಮೇಲಿನ ಪ್ಲಾಸ್ಟಿಕ್ಕನ್ನೂ ಇವರು ಬಿಚ್ಚಲಿಲ್ಲ.

ಮಾರುವ ಅವಸರ ನನ್ನದು. ಮದುವೆಯಾಗಿ ಈ ದೇಶಕ್ಕೆ ಬಂದವಳು ವೀಸಾದ ದೆಸೆಯಿಂದ ವರ್ಷಗಟ್ಟಲೆ ಕೆಲಸ ಮಾಡುವ ಹಾಗಿರಲಿಲ್ಲ. ಗ್ರೀನ್ ಕಾರ್ಡು ಬಂದದ್ದೇ ಕಮ್ಯುನಿಟಿ ಕಾಲೇಜಿಗೆ ಹೋಗಿ ಮಕ್ಕಳ ಆರೈಕೆಯ ಕೋರ್ಸು ಮುಗಿಸಿದೆ. ಮನೆಯಲ್ಲೇ ಒಂದು ಡೇಕೇರು ತೆರೆಯಬೇಕು, ಗೋಡೆಗೆ ನನ್ನ ಹೆಸರಿನ ಲೈಸೆನ್ಸು ನೇತುಹಾಕಬೇಕು, ಇದು ನನ್ನದು ಅನ್ನಬೇಕು. ಇಷ್ಟೇ ನನ್ನ ಆಸೆ. ಅರ್ಜಿ ಹಾಕಿದೆ, ಮನೆ ನೋಡಲು ಆಫೀಸರು ಬರುವ ದಿನವೂ ಗೊತ್ತಾಯಿತು. ಗ್ಯಾಸ್ ಸಿಲಿಂಡರು, ಆಸಿಡ್ಡು, ಗಾಜು, ಮದ್ಯ ಇವ್ಯಾವೂ ಮಕ್ಕಳ ಕೈಗೆ ಸಿಗುವ ಹಾಗಿರಬಾರದು ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಒಲೆಯ ಸಿಲಿಂಡರು, ಪಾತ್ರೆ ತೊಳೆಯುವ ಆಸಿಡ್ಡು ಸೇರಿ ನಾಲ್ಕೂ ನಮ್ಮ ಗರಾಜಿನಲ್ಲಿದ್ದವು.

"ಬೀಗ ಹಾಕಿದ್ರೆ ಆಯ್ತಪ್ಪ," ಅಂದರು ಇವರು. ಬೀಗದ ಕೈ ಕಳೆಯುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಮಕ್ಕಳ ಹಾಸಿಗೆ, ಆಟಿಕೆಯ ಕಪಾಟು ಇಡಲು ಜಾಗವೂ ಬೇಕಿತ್ತು. ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಫೋನು ಟಿಂಗ್ ಅಂದರೆ ಒಲೆ ಮೇಲಿನ ಹಾಲು ಬಿಟ್ಟು ಓಡುತ್ತಿದ್ದೆ. ಹಾಲು ಉಕ್ಕಿದ ಲೆಕ್ಕ ಯಾರೂ ಇಟ್ಟಿಲ್ಲ, ಪುಣ್ಯ.

ವರಪರೀಕ್ಷೆ

ಜಾಹೀರಾತು ಬರೆಯುವ ಕೆಲಸ ಇವರಿಗೆ ಕೊಟ್ಟೆ. ಕೊಡಬಾರದಿತ್ತು. ಬರೆದದ್ದನ್ನು ಓದಿದರೆ ಥೇಟ್ ‘ವರ ಬೇಕಾಗಿದೆ’ ಕಾಲಮ್ಮು. ಗೀರಿಲ್ಲ, ಕಲೆಯಿಲ್ಲ, ಒಬ್ಬರ ಕೈಯಲ್ಲೇ ಬೆಳೆದದ್ದು, ನಿಜವಾದ ಆಸಕ್ತಿ ಇರುವ ಒಳ್ಳೆಯ ಮನೆಯವರಿಗೆ ಮಾತ್ರ ಅಂತ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದರು. ಫೋಟೋ ತೆಗೆಯುವ ಮುಂಚೆ ಕೊಳಗವನ್ನು ಉಜ್ಜಿ ಉಜ್ಜಿ ಕಿಟಕಿಯ ಬೆಳಕಿಗೆ ತಿರುಗಿಸಿಟ್ಟಿದ್ದೂ ಆಯಿತು.

ಮೊದಲ ದಿನವೇ ಸ್ಯಾನ್ ಹೋಸೆಯಿಂದ ಒಬ್ಬ ಯುವಕ ಬಂದ. ಕೇಳಿದ ಬೆಲೆಗೆ ಒಪ್ಪಿಕೊಂಡೇ ಬಂದಿದ್ದ ಪುಣ್ಯಾತ್ಮ. ಕೊಳಗ ಎತ್ತಿಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಇವರು ಅವನನ್ನು ಕುರ್ಚಿ ಹಾಕಿ ಕೂರಿಸಿದರು.

"ಯಾವ ನೀರು ಬಳಸ್ತೀಯಾ?"

"ನಲ್ಲಿ ನೀರು."

ಇವರ ಮುಖ ಸಣ್ಣಗಾಯಿತು. "ಎಷ್ಟು ದಿನ ಹುದುಗೋಕೆ ಬಿಡ್ತೀಯಾ?"

"ವೀಡಿಯೋದಲ್ಲಿ ಹೇಳಿದಷ್ಟು."

"ಪಾತ್ರೆ ತೊಳೆಯೋದು?"

"ಡಿಶ್‌ವಾಷರಿಗೆ ಹಾಕ್ತೀನಿ."

ಅಲ್ಲಿಗೆ ಸಂಬಂಧ ಮುರಿಯಿತು. ಇವರು ಎದ್ದು ನಿಂತು, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಅಂತ ಹೇಳಿ ಅವನನ್ನು ಬಾಗಿಲ ತನಕ ಕಳಿಸಿ ಬಂದರು. ಆ ಹುಡುಗ ಏನೂ ತಿಳಿಯದೆ ತಲೆ ಕೆರೆದುಕೊಳ್ಳುತ್ತಾ ಹೋದ. ಅಡುಗೆಮನೆಯಲ್ಲಿದ್ದ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ರೀ, ನನ್ನನ್ನ ನೋಡೋಕೆ ಬಂದಾಗ ನೀವು ಕೇಳಿದ್ದು ಒಂದೇ ಪ್ರಶ್ನೆ, ಕಾರು ಓಡಿಸೋಕೆ ಬರುತ್ತಾ ಅಂತ. ಒಂದು ಪಾತ್ರೆಗೆ ಇಷ್ಟೊಂದು ವಿಚಾರಣೆನಾ?"

"ಅದಕ್ಕೇ ಈ ಸಲ ಹುಷಾರಾಗಿದ್ದೀನಿ," ಅಂದರು.

ಶುದ್ಧ ಸಸ್ಯಾಹಾರಿ

ಅವತ್ತಿನಿಂದ ಫೋನು ನನ್ನ ಕೈಗೆ ಬಂತು. ಮುಂದೆ ಬಂದವರು ನಮ್ಮವರೇ, ಕ್ಯುಪರ್ಟಿನೋದ ದಂಪತಿಗಳು. ಮಕ್ಕಳ ಸ್ಕೂಲಿಗೋಸ್ಕರ ಅಲ್ಲಿ ಮನೆ ಮಾಡಿದವರು. ಆಕೆ ಕನ್ನಡ ಸಂಘದ ಅಡುಗೆ ಉಸ್ತುವಾರಿ, ಯುಗಾದಿ ಊಟಕ್ಕೆ ದೊಡ್ಡ ಕೊಳಗ ಹುಡುಕುತ್ತಿದ್ದರು. ಗಂಡ ಕಾರಿನಲ್ಲೇ ಕೂತಿದ್ದ, ಬರಲು ಇಷ್ಟವಿರಲಿಲ್ಲ ಅಂತ ಕಾಣುತ್ತೆ.

ಆಕೆ ಕೊಳಗವನ್ನು ಬೆರಳಿನಿಂದ ಬಡಿದು ನೋಡಿದರು. "ಇದರಲ್ಲಿ ಮೊಟ್ಟೆ, ಮಾಂಸ ಏನೂ ಬೇಯಿಸಿಲ್ಲ ತಾನೇ?"

"ಛೆ ಛೆ, ಇಲ್ಲ. ಬರೀ ಧಾನ್ಯ."

"ಈರುಳ್ಳಿ, ಬೆಳ್ಳುಳ್ಳಿ?"

"ಅದೂ ಇಲ್ಲ."

"ಯಾವ ಧಾನ್ಯ ಹಾಗಾದ್ರೆ?"

"ಬಾರ್ಲಿ. ಮೊಳಕೆ ಬರಿಸಿ ಒಣಗಿಸಿದ್ದು."

ಒಂದಕ್ಷರ ಸುಳ್ಳಿಲ್ಲ ನೋಡಿ. ಆಕೆಯ ಕಣ್ಣು ಅಗಲವಾದವು. "ಮೊಳಕೆ ಕಾಳಾ! ಆಮೇಲೆ ಏನು ಮಾಡ್ತೀರಾ?"

"ಕುದಿಸಿ, ಆರಿಸಿ, ಹುದುಗೋಕೆ ಇಡ್ತಾರೆ ನಮ್ಮ ಮನೆಯವರು."

"ದೋಸೆ ಹಿಟ್ಟಿನ ಥರ! ಅಂದ್ರೆ ಪ್ರೋಬಯಾಟಿಕ್ಕು! ನೋಡಿ, ಎಷ್ಟು ಶಿಸ್ತು ನಿಮ್ಮದು. ನಮ್ಮ ಮನೆಯವರಿಗೆ ಹೇಳಿ ಹೇಳಿ ಸಾಕಾಯ್ತು, ಎದ್ದರೆ ಕಾಫಿ, ಕೂತರೆ ಕಾಫಿ."

ನಿಜ ಹೇಳಿಬಿಡೋಣ ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಗಂಡನನ್ನು ಕೂಗಿ ಕರೆದರು. ಆ ಮನುಷ್ಯ ಆಕಳಿಸುತ್ತಾ ಒಳಗೆ ಬಂದ. ಕೊಳಗ ನೋಡಿದ, ಒಲೆ ನೋಡಿದ, ತಾಮ್ರದ ಸುರುಳಿ ನೋಡಿದ, ಗಾಜಿನ ಹೂಜಿ ನೋಡಿದ. ಆಕಳಿಕೆ ಅರ್ಧಕ್ಕೇ ನಿಂತಿತು. ನನ್ನ ಕಡೆ ತಿರುಗಿ, ಹೇಳಬೇಡಿ ತಾಯಿ ಅನ್ನುವ ಹಾಗೆ ಕಣ್ಣಲ್ಲೇ ಕೈ ಮುಗಿದ.

"ದಿನಾ ಮೊಳಕೆ ಬಾರ್ಲಿ ಕುಡೀತಾರಂತೆ ರೀ ಇವರ ಮನೆಯವರು. ನೀವೂ ಇದ್ದೀರಿ," ಅಂದರು ಆಕೆ.

"ನಾನು ಯಾವತ್ತು ನಿನ್ನ ಮಾತು ಮೀರಿದ್ದೀನಿ?" ಅಂದ ಆತ ಬಹಳ ವಿನಯದಿಂದ. "ಆ ಒಲೇನೂ ತಗೊಂಡುಬಿಡೋಣ. ಯುಗಾದಿ ಊಟ ಮುಗೀಲಿ, ಮಾರನೇ ದಿನದಿಂದಲೇ ಕಾಫಿ ಬಿಡ್ತೀನಿ."

ಎರಡು ನಲ್ಲಿಯ ಫ್ರಿಜ್ಜು

ಫ್ರಿಜ್ಜು ಎದುರು ಮನೆಗೇ ಹೋಯಿತು. ಅಲ್ಲಿರುವವರು ವಿಜಯಪುರದ ಮುಸ್ಲಿಂ ಕುಟುಂಬ. ಆತ ನಮ್ಮವರ ಆಫೀಸಿನಲ್ಲೇ ಇಂಜಿನಿಯರು, ನಾವೆಲ್ಲ ಭಾಯಿ ಅನ್ನುತ್ತೇವೆ. ಕಷ್ಟಕ್ಕೆ ಕರೆದರೆ ಚಪ್ಪಲಿ ಹಾಕಿಕೊಳ್ಳದೆ ಓಡಿಬರುವ ಮನುಷ್ಯ.

"ಅಕ್ಕಾರ, ಇದರಾಗ ಒಮ್ಮಿಯೂ ಏನೂ ಹಾಕಿಲ್ಲ, ಹೌದಲ್ರೀ?" ಅಂತ ಎರಡು ಸಲ ಕೇಳಿದರು. ಬಿಚ್ಚದ ಪ್ಲಾಸ್ಟಿಕ್ಕು ತೋರಿಸಿದ ಮೇಲೆ ಸಮಾಧಾನವಾಯಿತು. ಮಗಳ ಹುಟ್ಟಿದ ಹಬ್ಬಕ್ಕೆ ಒಂದು ನಲ್ಲಿಯಲ್ಲಿ ನಿಂಬೆ ಶರಬತ್ತು, ಇನ್ನೊಂದರಲ್ಲಿ ಮಜ್ಜಿಗೆ ಬಿಡುವ ಯೋಜನೆ ಅವರದು. ಮಕ್ಕಳಿಗೆ ಖುಷಿಯಾಗುತ್ತೆ ಅಂತ.

ಮಕ್ಕಳಿಗೆ ಖುಷಿಯಾಯಿತು. ತೊಂದರೆಯಾದದ್ದು ದೊಡ್ಡವರಿಗೆ. ಹಬ್ಬಕ್ಕೆ ಬಂದ ಅರ್ಧ ಆಫೀಸಿನವರು ಹಿತ್ತಿಲಲ್ಲಿ ನಿಂತಿದ್ದ ಆ ಫ್ರಿಜ್ಜು ನೋಡಿದರು, ಭಾಯಿಯನ್ನು ನೋಡಿದರು, ಮತ್ತೆ ಫ್ರಿಜ್ಜು ನೋಡಿದರು. ಕೇಳುವ ಧೈರ್ಯ ಒಬ್ಬರಿಗೂ ಇಲ್ಲ. ಸಜ್ಜನರ ಮನೆಯಲ್ಲಿ ಇದೇನಪ್ಪಾ ಅಂತ ಕೆಲವರು ದೂರ ಹೋಗಿ ಗುಲಾಬಿ ಗಿಡ ನೋಡುತ್ತಾ ನಿಂತರು. ಇನ್ನು ಕೆಲವರು ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನೆ ಅದರ ಹತ್ತಿರಕ್ಕೇ ಸರಿಯುತ್ತಿದ್ದರು. ಕೊನೆಗೆ ನಮ್ಮವರ ಆಫೀಸಿನ ಒಬ್ಬರು, ಆತ ಬಾಸು, ಇದ್ದುದರಲ್ಲಿ ಅತಿ ದೊಡ್ಡ ಲೋಟ ಹುಡುಕಿ, ಹೆಂಡತಿ ಅತ್ತ ತಿರುಗುವುದನ್ನೇ ಕಾದು, ನಲ್ಲಿ ತಿರುಗಿಸಿ ಗಟಗಟ ಎಂದು ಒಂದೇ ಉಸಿರಿಗೆ ಎತ್ತಿದರು.

ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಮೀಸೆ ಒರೆಸಿಕೊಂಡರು.

"ಇಂಗು ಸ್ವಲ್ಪ ಮುಂದಾಯ್ತು," ಅಂದರು.

ಅಬಕಾರಿ

ಧಾರವಾಡದಿಂದ ಅತ್ತೆ ಬಂದು ನಮ್ಮ ಜೊತೆ ಇದ್ದ ಕಾಲ ಅದು. ಗರಾಜಿನಲ್ಲಿರುವುದು ಬಾರ್ಲಿ ನೀರು ಮಾಡುವ ಸಾಮಾನು, ಕಿಡ್ನಿಯಲ್ಲಿ ಕಲ್ಲಾಗದಿರಲಿ ಅಂತ ಡಾಕ್ಟರು ಹೇಳಿದ್ದಾರೆ ಅಂತ ಮಗರಾಯ ತಾಯಿಗೆ ಮೊದಲೇ ಹೇಳಿಟ್ಟಿದ್ದರು. ಅತ್ತೆ ಹೂಂ ಅಂದಿದ್ದರು. ಇಂಥ ಸಾಮಾನು ಯಾಕೆ ಮಾರುತ್ತೀರಿ ಅಂತ ಕೇಳಿದಾಗ, ಕಲ್ಲೆಲ್ಲ ಕರಗಿತು ಅಂತ ಇನ್ನೊಂದು ಸುಳ್ಳು ಹೇಳಿದ್ದೂ ಆಗಿತ್ತು.

ಬಕೆಟ್ಟು, ತಾಮ್ರದ ಸುರುಳಿ ಕೊಳ್ಳಲು ಫಾಸ್ಟರ್ ಸಿಟಿಯಿಂದ ಒಬ್ಬ ಎತ್ತರದ ಅಮೆರಿಕನ್ ಬಂದ. ಔಷಧಿ ಕಂಪನಿಯೊಂದರಲ್ಲಿ ವಿಜ್ಞಾನಿಯಂತೆ. ಬಕೆಟ್ಟಿನೊಳಗೆ ಕತ್ತಿನ ತನಕ ತಲೆ ಹಾಕಿ ಮೂಸುತ್ತಿದ್ದ. ಅತ್ತೆ ಕುರ್ಚಿ ಎಳೆದುಕೊಂಡು ಗರಾಜಿನ ಬಾಗಿಲಲ್ಲೇ ಕೂತು ಅವನನ್ನೇ ನೋಡುತ್ತಿದ್ದರು. ಇವರಿಗೆ ಗಾಬರಿ.

"ಯವ್ವಾ, ಪಾಪ, ಅವಂಗೂ ಕಲ್ಲಾಗ್ಯಾವಂತ," ಅಂದರು.

"ಹೌದಾ?"

"ಹೂಂ. ಭಾಳ ತ್ರಾಸ ಐತಂತ. ಅದಕ್ಕ ಅಷ್ಟು ದೂರದಿಂದ ಬಂದಾನ."

ಅತ್ತೆ ಸೊಂಟದಿಂದ ಎಲೆಯಡಿಕೆ ಚೀಲ ತೆಗೆದು, ಒಂದು ಅಡಿಕೆ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಹೇಳಿದರು. "ನೋಡಪಾ, ನಿಮ್ಮಪ್ಪ ರಿಟೈರ್ ಆಗೂತನಾ ಅಬಕಾರಿ ಇಲಾಖೇದಾಗ ದುಡದ್ರು. ರೇಡ್ ಮಾಡಿ ಮನೀಗೆ ಬಂದ್ರಂದ್ರ ಅವರ ಅಂಗಿ ಒಗಿಯಾಕಿ ನಾನ. ಸೆರೆ, ಹೆಂಡದ ಕೊಳಿ ವಾಸನಿ ನನಗ ತಿಳಿಯೂದಿಲ್ಲೇನು?"

ನಮ್ಮವರು ಗೋಡೆಗೆ ಒರಗಿಬಿಟ್ಟರು. ನನಗೋ, ಡೇಕೇರಿನ ಆಫೀಸರಿಗಿಂತ ಮೊದಲು ಅಬಕಾರಿಯವರ ಕೈಗೇ ಸಿಕ್ಕಿಬಿದ್ದೆವಲ್ಲ ಅನ್ನಿಸಿತು.

"ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ದಿ ಯವ್ವಾ?"

"ತಬಲಾ ಕಲೀತೀನಂದಿ, ಬಿಟ್ಟಿ. ಚೆಸ್ಸು, ಅದನ್ನೂ ಬಿಟ್ಟಿ. ಸೈಕಲ್ಲು ತುಳೀತೀನಂದಿ, ಅದೂ ಅಲ್ಲೇ ತೂಗ್ಯಾಡಾಕತ್ತೈತಿ. ಸೆರೆ ಒಂದ ಪೂರಾ ಕಲೀತಾನೇನು ನನ್ನ ಮಗಾ ಅಂತ ಸುಮ್ಮನಿದ್ದೆ," ಅಂದರು.

ಖಾಲಿ ಪಾತ್ರೆ

ಅದೇ ಹೊತ್ತಿನಲ್ಲಿ ಇನ್ನೊಂದು ನಡೆಯಿತು. ವಿಜ್ಞಾನಿ ಎಲ್ಲವನ್ನೂ ಕಾರಿಗೆ ತುಂಬಲು ಹೊರಟ. ಅತ್ತೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹೆಂಡದ್ದಾಗಲಿ ಹಾಲಿನದಾಗಲಿ, ಮನೆಯಿಂದ ಪಾತ್ರೆ ಖಾಲಿ ಹೋಗಬಾರದಂತೆ. ಒಳಗೆ ಹೋಗಿ ಒಂದು ಬೊಗಸೆ ಅಕ್ಕಿ, ಒಂದು ಅಚ್ಚು ಬೆಲ್ಲ, ಒಂದು ಅರಿಶಿನದ ಕೊಂಬು ತಂದು ಬಕೆಟ್ಟಿಗೆ ಹಾಕಿ, ಮುಚ್ಚಳ ಒತ್ತಿ, ಹೋಗಿ ಬಾ ಅಂತ ತಲೆಯಾಡಿಸಿದರು. ನನಗೋ ಒಮ್ಮೆ ಸಾಮಾನು ಹೋದರೆ ಸಾಕಾಗಿತ್ತು, ವಿವರಿಸುವ ವ್ಯವಧಾನವಿರಲಿಲ್ಲ. ಥ್ಯಾಂಕ್ಸ್ ಹೇಳಿ ಬಾಗಿಲು ಎಳೆದುಕೊಂಡೆ.

ಮಾರನೇ ದಿನ ಸಂಜೆ ಅವನಿಂದ ಮೆಸೇಜು. ನೀವು ಬಕೆಟ್ಟಿನ ಜೊತೆ ನಿಮ್ಮ ಮನೆತನದ ರೆಸಿಪಿಯ ಸಾಮಗ್ರಿಯನ್ನೂ ಕೊಟ್ಟದ್ದು ನನ್ನ ಮನಸ್ಸನ್ನು ಮುಟ್ಟಿತು, ಅಕ್ಕಿ ಮತ್ತು ಆ ಕಂದು ಸಕ್ಕರೆ ಎಷ್ಟೆಂದು ತೂಕ ಮಾಡಿಕೊಂಡಿದ್ದೇನೆ, ಆ ಹಳದಿ ಬೇರನ್ನು ಮಾತ್ರ ಯಾವಾಗ ಹಾಕಬೇಕೋ ತಿಳಿಯಲಿಲ್ಲ, ಕುದಿಯುವಾಗಲೋ ಇಳಿಸಿದ ಮೇಲೋ ಎಂದು ಕೇಳಿದ್ದ. ಜೊತೆಗೆ ಒಂದು ಫೋಟೋ. ತಕ್ಕಡಿಯ ಮೇಲೆ ನಮ್ಮ ಅರಿಶಿನದ ಕೊಂಬು ಮಲಗಿತ್ತು.

ನಾನು ನಗಲಾರದೆ ನಕ್ಕು ಅತ್ತೆಗೆ ಓದಿ ಹೇಳಿದೆ. ಇದು ಶಾಸ್ತ್ರಕ್ಕೆ ಹಾಕಿದ್ದು ಅಂತ ಬರೆದುಬಿಡ್ತೀನಿ ಅಂದೆ.

"ಶಾಸ್ತ್ರಾ ಅಂತ ಯಾಕ ಬರೀತಿ? ಮನಸ್ಸು ಮುರಕೋತಾನ," ಅಂದರು ಅತ್ತೆ. "ಇಳಿಸಿದ ಮ್ಯಾಲ ಹಾಕು ಅಂತ ಬರಿ. ಮದ್ಲ ಹಾಕಿದ್ರ ಕಹಿ ಆಗತೈತಿ."

ಪೊಲೀಸ್ ಸ್ಟೇಷನ್ನಿನ ಎದುರು

ಉಳಿದದ್ದು ಗಾಜಿನ ಹೂಜಿ ಒಂದೇ. ಎಲ್ಲಕ್ಕಿಂತ ಅಪಾಯದ್ದು ಅದೇ. ಒಡೆದರೆ ಗರಾಜು ತುಂಬಾ ಚೂರು. ಆಫೀಸರು ಬರುವ ದಿನ ಹತ್ತಿರ ಬರುತ್ತಿದ್ದ ಹಾಗೆ ನನ್ನ ಚಡಪಡಿಕೆ ಹೆಚ್ಚಿತು. ಬೆಲೆ ಇಳಿಸಿದೆ, ಇನ್ನೂ ಇಳಿಸಿದೆ, ಕೊನೆಗೆ ಪುಕ್ಕಟೆ ಕೊಡಲೂ ಸಿದ್ಧಳಾದೆ. ಆಗ ಒಬ್ಬ ಹೊಸಬನ ಮೆಸೇಜು ಬಂತು. ಚೌಕಾಸಿ ಇಲ್ಲ, ಪ್ರಶ್ನೆ ಇಲ್ಲ, ಮೊದಲು ಹಾಕಿದ್ದ ಪೂರ್ತಿ ಬೆಲೆ ಕೊಡುತ್ತೇನೆ ಅಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮವರಾಗಲಿ ಅಮೆರಿಕನ್ನರಾಗಲಿ, ಇಳಿಸಿದ ಬೆಲೆ ಬಿಟ್ಟು ಹಳೇ ಬೆಲೆ ಕೊಡುವವರು ಯಾರಿದ್ದಾರೆ?

ಮನೆಗೆ ಬರಲು ಮಾತ್ರ ಒಪ್ಪಲಿಲ್ಲ. ಹೊರಗೆಲ್ಲಾದರೂ ಸಿಗೋಣ ಅಂದ. ಗುರುತಿಲ್ಲದವರ ಹತ್ತಿರ ವ್ಯವಹಾರ ಮಾಡುವವರು ಇಲ್ಲಿ ಪೊಲೀಸ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಸಿಗುವುದುಂಟು, ಕ್ಯಾಮೆರಾ ಇರುತ್ತೆ ಅಂತ. ನಾನೂ ಹಾಗೇ ಅಂದೆ. ಕೂಡಲೇ ಒಪ್ಪಿಕೊಂಡ.

ಹೂಜಿಗೆ ಕಂಬಳಿ ಸುತ್ತಿ, ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದೆ. ಪಕ್ಕದಲ್ಲಿ ಏಳನೇ ಕ್ಲಾಸಿನ ಮಗಳು ಅದನ್ನು ತಬ್ಬಿ ಕೂತಳು. ಅವಳು ಪಾಪುವಾಗಿದ್ದಾಗ ಆಸ್ಪತ್ರೆಯಿಂದ ಮನೆಗೆ ತಂದ ದಿನ ಓಡಿಸಿದಷ್ಟು ನಿಧಾನಕ್ಕೆ ಓಡಿಸಿದೆ. ಹಿಂದಿನವರೆಲ್ಲ ಹಾರ್ನು ಹೊಡೆದರು. ಪಾರ್ಕಿಂಗಿಗೆ ಹೋಗಿ ನಿಲ್ಲಿಸಿದರೆ ಮೂಲೆಯಲ್ಲಿ ಒಂದು ನೀಲಿ ಕಾರು, ಅದರ ಪಕ್ಕ ಕಪ್ಪು ಕನ್ನಡಕ, ಟೋಪಿ ಹಾಕಿದ ಒಬ್ಬ ಮನುಷ್ಯ. ನಾನು ಕಾರಿನ ಬಾಗಿಲುಗಳ ಲಾಕು ಒತ್ತಿದೆ.

"ಅಮ್ಮಾ," ಅಂದಳು ಮಗಳು ಹಿಂದಿನಿಂದ, "ಈಸ್ ದಟ್ ಅಪ್ಪಾ?"

ಅಪ್ಪನೇ. ಹೂಜಿ ಬೇರೆಯವರ ಪಾಲಾಗುವುದನ್ನು ನೋಡಲಾರದೆ ಬೇರೆ ಹೆಸರಿನಲ್ಲಿ ಅಕೌಂಟು ಮಾಡಿ, ಯಾರದೋ ಕಾರು ಕೇಳಿಕೊಂಡು, ತನ್ನ ಸಾಮಾನನ್ನು ತಾನೇ ಕೊಳ್ಳಲು ಬಂದಿದ್ದ ನನ್ನ ಪತಿದೇವರು. ಆಫೀಸಿಗೆ ಒಯ್ದು ಇಟ್ಟುಕೊಳ್ಳುತ್ತಾರಂತೆ, ಅದರಲ್ಲಿ ಮನಿ ಪ್ಲಾಂಟು ಬೆಳೆಸುತ್ತಾರಂತೆ. ನನಗೆ ಕೂಗಬೇಕು ಅನ್ನಿಸಿತು. ಬಾಯಿ ತೆರೆದೆ. ಎದುರಿಗೆ ಇಬ್ಬರು ಪೊಲೀಸರು ಕಾಫಿ ಹಿಡಿದು ನಮ್ಮನ್ನೇ ನೋಡುತ್ತಾ ನಿಂತಿದ್ದರು. ಬಾಯಿ ಮುಚ್ಚಿ, ಹಲ್ಲು ಕಚ್ಚಿ, ಮೆಲ್ಲನೆ ಕೇಳಿದೆ. "ಇದನ್ನ ಮನೇಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಮನೇಲಿ ಹೇಳಿದ್ರೆ ನೀನು ಇಷ್ಟು ಮೆಲ್ಲಗೆ ಮಾತಾಡ್ತಿದ್ಯಾ?" ಅಂದರು.

ಆಫೀಸರು ಬಂದ ದಿನ

ಗರಾಜು ಖಾಲಿಯಾಯಿತು. ಉಳಿದ ಸಿಲಿಂಡರು, ಆಸಿಡ್ಡು ಎಲ್ಲ ಹೋಗಬೇಕಾದ ಕಡೆ ಹೋದವು. ಕಪಾಟು ಇಟ್ಟೆ, ಬಣ್ಣದ ಚಾಪೆ ಹಾಸಿದೆ. ಆದರೆ ವಾಸನೆ ಹೋಗಲಿಲ್ಲ. ವರ್ಷಗಟ್ಟಲೆ ಚೆಲ್ಲಿದ್ದನ್ನೆಲ್ಲ ಸಿಮೆಂಟು ಕುಡಿದಿತ್ತೋ ಏನೋ, ಬಾಗಿಲು ತೆಗೆದರೆ ಹಳಸಿದ ಬ್ರೆಡ್ಡಿನ ಹುಳಿ ವಾಸನೆ. ವಿನಿಗರು ಹಾಕಿ ಉಜ್ಜಿದೆ, ಅಡುಗೆ ಸೋಡಾ ಹಾಕಿ ಉಜ್ಜಿದೆ, ಯಾರೋ ಹೇಳಿದರೆಂದು ಕಾಫಿ ಪುಡಿ ಚೆಲ್ಲಿದೆ. ಕೊನೆಗೆ ಗರಾಜಿನಲ್ಲಿ ಬಿಯರಿನ ಜೊತೆ ಉಪ್ಪಿನಕಾಯಿ, ಕಾಫಿ ವಾಸನೆಗಳೂ ಸೇರಿ ದರ್ಶಿನಿ ಹೋಟೆಲಿನ ಹಿಂಬಾಗಿಲಿನ ಹಾಗಾಯಿತು.

ಬೆಳಗ್ಗೆ ಹತ್ತಕ್ಕೆ ಆಫೀಸರು ಬರಬೇಕು. ಎಂಟು ಗಂಟೆಗೆ ನಾನು ಮೂಗು ಹಿಡಿದುಕೊಂಡು ಗರಾಜಿನ ಮೆಟ್ಟಿಲ ಮೇಲೆ ಕೂತಿದ್ದೆ. ಇವರು ಆಗಲೇ ಮೀಟಿಂಗಿಗೆ ಕೂತಿದ್ದರು, ಹೇಳಿಕೊಳ್ಳಲು ಇನ್ಯಾರೂ ಇರಲಿಲ್ಲ, ಅತ್ತೆಗೇ ಹೇಳಿಬಿಟ್ಟೆ. "ಅತ್ತೆ, ಮಕ್ಕಳನ್ನ ಬಿಡೋ ಮನೇಲಿ ಹೆಂಡದ ವಾಸನೆ ಬಂದ್ರೆ ಯಾರು ಲೈಸೆನ್ಸು ಕೊಡ್ತಾರೆ? ಇಷ್ಟು ವರ್ಷ ಕಾದಿದ್ದೆಲ್ಲ ಹೋಯ್ತು."

"ಅಷ್ಟ ಅಲ್ಲೇನು?" ಅಂದರು ಅತ್ತೆ. "ಏಳು, ಜಳಕಾ ಮಾಡಿ ಚಂದಗೆ ತಯಾರಾಗು. ವಾಸನಿ ನಾ ನೋಡಕೋತೀನಿ."

ನನ್ನ ತಲೆ ನೆಟ್ಟಗಿದ್ದಿದ್ದರೆ ಹೇಗೆ ನೋಡಿಕೊಳ್ಳುತ್ತೀರಿ ಅಂತ ಕೇಳುತ್ತಿದ್ದೆ. ಕೇಳಲಿಲ್ಲ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು, ಕೂತು, ಎದ್ದು, ಆಟಿಕೆಗಳನ್ನು ಮತ್ತೆ ಮತ್ತೆ ಜೋಡಿಸಿ, ಕಿಟಕಿಯಿಂದ ಇಣುಕಿ ಕಾಲ ಕಳೆದೆ. ಹತ್ತಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಆಫೀಸರು ಬಂದುಬಿಟ್ಟರು. ನೆರೆತ ಕೂದಲಿನ, ಗಟ್ಟಿ ಷೂ ಹಾಕಿದ ಹೆಂಗಸು. ಕೈಯಲ್ಲಿ ಟ್ಯಾಬ್ಲೆಟ್ಟು. ಮುಖದಲ್ಲಿ ನಗುವಿಲ್ಲ. ಒಳಗೆ ಬನ್ನಿ ಅಂದೆ. ಅವರು ಹೊಸಿಲು ದಾಟಿದರು.

ಅದೇ ಕ್ಷಣಕ್ಕೆ ಗರಾಜಿನಿಂದ ಅಡುಗೆಮನೆಗೆ ಬರುವ ಬಾಗಿಲು ತೆರೆಯಿತು. ಮೊದಲು ಬಂದದ್ದು ಹೊಗೆ. ಬಿಳೀ ಹೊಗೆ, ಮೋಡ ಮೋಡವಾಗಿ. ಅದರ ಹಿಂದಿನಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆ. ಒಲೆಯ ಮೇಲೆ ಇದ್ದಿಲು ಕೆಂಪಗೆ ಕಾಯಿಸಿ, ನಮ್ಮ ಒಗ್ಗರಣೆಯ ಕಬ್ಬಿಣದ ಬಾಣಲೆಯಲ್ಲಿ ಹಾಕಿ, ಮೇಲೆ ಊರಿಂದ ತಂದ ಲೋಬಾನದ ಧೂಪ ಸುರಿದಿದ್ದರು. ಒಂದು ಚಿಟಿಕೆ ಹಾಕಿದರೆ ಮನೆಗೆಲ್ಲ ಸಾಕು. ಅವರು ಹಿಡಿ ಹಿಡಿ ಹಾಕಿದ್ದರು, ವಾಸನೆ ಜೋರಾಗಿತ್ತಲ್ಲ. ಬಾಣಲೆಯನ್ನು ಮೂಲೆ ಮೂಲೆಗೆ ಹಿಡಿಯುತ್ತಾ ಬಂದು, ಅತಿಥಿ ಕಂಡದ್ದೇ ಮರ್ಯಾದೆಯಿಂದ ಅವರ ಮುಖಕ್ಕೂ ಒಮ್ಮೆ ಹೊಗೆ ಬೀಸಿದರು.

ಅಡುಗೆಮನೆಯ ಅಲಾರಂ ಕಿರುಚಿತು. ಅದರ ಹಿಂದೆಯೇ ನಡುಮನೆಯದು, ಮಲಗುವ ಕೋಣೆಗಳದು, ಮಾಳಿಗೆಯದು. ಒಂದಕ್ಕೊಂದು ತಂತಿ ಜೋಡಿಸಿದ್ದವು, ಮನೆಗೆ ಮನೆಯೇ ಬೊಬ್ಬೆ ಹಾಕಿತು. ಆಫೀಸರು ಕೆಮ್ಮುತ್ತಾ ಟ್ಯಾಬ್ಲೆಟ್ಟಿನಲ್ಲಿ ಏನೋ ಒತ್ತಿದರು. ಮುಗಿಯಿತು ಅಂದುಕೊಂಡೆ. ನನಗೆ ನಿಜವಾಗಿ ಅಳು ಬಂತು.

ಮಾಳಿಗೆಯಲ್ಲಿ ಮೀಟಿಂಗಿನಲ್ಲಿದ್ದ ಇವರು ಕುತ್ತಿಗೆಗೆ ಹೆಡ್‌ಫೋನು ನೇತಾಡಿಸಿಕೊಂಡು ಧಡಧಡ ಇಳಿದು ಬಂದರು. ಗೋಡೆಯಲ್ಲಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಿತ್ತು, ಪಿನ್ನು ಎಳೆದು, ನೇರವಾಗಿ ಹೆತ್ತ ತಾಯಿಯ ಕಡೆಗೇ ಗುರಿ ಹಿಡಿದರು.

"ಯವ್ವಾ, ಅದನ್ನ ಕೆಳಗ ಇಡು!"

"ಹಾರಿಸು ನೋಡೂಣು! ಹಾರಿಸು! ನಿಮ್ಮಪ್ಪನ ಮುಂದನೂ ನಾ ಹೆದರಿಲ್ಲ!"

ಅಷ್ಟರಲ್ಲಿ ಎದುರು ಮನೆಯ ಭಾಯಿ ಬರಿಗಾಲಲ್ಲೇ ಓಡಿ ಬಂದರು. "ಅಜ್ಜೀ, ಮದ್ಲ ಹೊರಗ ನಡೀರಿ," ಅಂತ ಬಾಣಲೆಯ ಸಮೇತ ಅತ್ತೆಯನ್ನು ಹೊರಗೆ ಕರೆದೊಯ್ದರು. ಹಿಂದೆ ನಾನು, ನನ್ನ ಹಿಂದೆ ಸಿಲಿಂಡರು ಹಿಡಿದ ಇವರು. ಎಲ್ಲರೂ ಮನೆ ಮುಂದಿನ ಹುಲ್ಲಿನ ಮೇಲೆ ನಿಂತೆವು. ಆಫೀಸರು ಮಾತ್ರ ಹೊರಗೆ ಬರಲಿಲ್ಲ. ಮೂಗಿಗೆ ಕರ್ಚೀಪು ಹಿಡಿದು ಕೋಣೆಯಿಂದ ಕೋಣೆಗೆ, ಮಾಳಿಗೆಗೆ, ಗರಾಜಿಗೆ ಓಡಾಡುವುದು ಕಿಟಕಿಯಿಂದ ಕಾಣುತ್ತಿತ್ತು. ನಾನು ಹುಲ್ಲಿನ ಮೇಲೇ ಕುಕ್ಕರುಬಡಿದೆ.

ಬಹಳ ಹೊತ್ತಾದ ಮೇಲೆ ಅವರು ಬಂದು ನನ್ನ ಮುಂದೆ ನಿಂತರು. ಟ್ಯಾಬ್ಲೆಟ್ಟು ನೋಡಿಕೊಂಡು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದರು. ಹೊಗೆಯ ಅಲಾರಂ, ಎಲ್ಲ ಕೋಣೆಗಳಲ್ಲೂ ಇದೆ, ಎಲ್ಲವೂ ಕೆಲಸ ಮಾಡುತ್ತಿದೆ. ಉಳಿದ ಮನೆಗಳಲ್ಲಿ ನಾನೇ ಸ್ಟೂಲು ಹತ್ತಿ ಬಟನ್ನು ಒತ್ತಬೇಕು, ನನ್ನ ಮಂಡಿಗೆ ಬಹಳ ನೋವು. ಬೆಂಕಿ ಆರಿಸುವ ಸಿಲಿಂಡರು, ಕೈಗೆ ಸಿಗುವ ಜಾಗದಲ್ಲಿದೆ, ಮನೆಯವರಿಗೆ ಬಳಸಲು ಬರುತ್ತದೆ. ತುರ್ತಿನಲ್ಲಿ ಮನೆ ಖಾಲಿ ಮಾಡುವುದು, ವಯಸ್ಸಾದವರೂ ಸೇರಿ ಎಲ್ಲರೂ ಹೊರಗೆ ಬಂದು ಒಂದೇ ಕಡೆ ನಿಂತಿದ್ದಾರೆ, ನೆರೆಯವರ ಸಹಾಯವೂ ಇದೆ. ಇಷ್ಟು ಚೆನ್ನಾಗಿ ತಯಾರಿ ಮಾಡಿಕೊಂಡು ತೋರಿಸಿದವರನ್ನು ನಾನು ನೋಡಿಲ್ಲ ಅಂದರು.

ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಮಕ್ಕಳಿರುವಾಗ ಮಾತ್ರ ಇದನ್ನು ಮಾಡಬೇಡಿ ಅಂದರು. ಇನ್ನು ಜನ್ಮದಲ್ಲೇ ಮಾಡುವುದಿಲ್ಲ ಅಂದೆ.

"ನಿಮ್ಮ ಗರಾಜು..." ಅಂತ ಅವರು ಶುರು ಮಾಡಿದಾಗ ನಾನು ಕೈಗೆ ಸಿಕ್ಕ ಹುಲ್ಲನ್ನೆಲ್ಲ ಕಿತ್ತೆ. "ನಮ್ಮ ಅಜ್ಜಿ ಕರ್ಕೊಂಡು ಹೋಗ್ತಿದ್ದ ಚರ್ಚಿನ ಪರಿಮಳ ಬರ್ತಿದೆ ಅಲ್ಲಿ. ಅದಕ್ಕೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಎಲ್ಲ ಸರಿಯಾಗಿದೆ. ಲೈಸೆನ್ಸು ಬರುತ್ತೆ. ನಾನು ಎರಡನೇ ಸಲ ಬರೋ ಅಗತ್ಯ ಇಲ್ಲ."

ಅವರ ಕಾರು ತಿರುವು ದಾಟುವ ತನಕ ತಡೆದುಕೊಂಡಿದ್ದೆ. ಆಮೇಲೆ ಹುಲ್ಲಿನ ಮೇಲೆ ಕೂತೇ ಗೊಳೋ ಅಂತ ಅತ್ತುಬಿಟ್ಟೆ, ನಗುವೂ ಬಂತು. ಇವರು ಸಿಲಿಂಡರು ಕೆಳಗಿಟ್ಟು ನನ್ನ ಬೆನ್ನು ಸವರಿದರು. ಇಂಗ್ಲಿಷು ಅರ್ಥವಾಗದ ನಮ್ಮ ಅತ್ತೆ ಬಾಣಲೆ ಹಿಡಿದುಕೊಂಡೇ ಗಾಬರಿಯಿಂದ ಹತ್ತಿರ ಬಂದರು.

"ಯಾಕ ಅಳತಿ ಯವ್ವಾ? ಏನಂದ್ಲು ಆಕಿ?"

"ಒಳ್ಳೇದೇ ಹೇಳಿದ್ರು ಅತ್ತೆ. ಅವರು ಇನ್ನೊಂದು ಸಲ ನಮ್ಮ ಮನೆಗೆ ಬರೋದೇ ಇಲ್ಲವಂತೆ."

ಅತ್ತೆಯ ಮುಖದಲ್ಲಿ ಸಮಾಧಾನ ಮೂಡಿತು. ಬಾಣಲೆಯಲ್ಲಿ ಉಳಿದಿದ್ದ ಕೆಂಡವನ್ನು ಉಫ್ ಎಂದು ಊದಿ, ಆ ಕಾರು ಹೋದ ದಿಕ್ಕಿಗೆ ಇನ್ನೊಮ್ಮೆ ಹೊಗೆ ಬೀಸಿದರು.

"ಹೆಂಗ ಬರತಾಳ?" ಅಂದರು. "ಲೋಬಾನ ಹಾಕಿದ ಮನೀಗೆ ಅಂಥಾವು ಹೊಳ್ಳಿ ಬರೂದಿಲ್ಲ."